ಹುಸಿ ಎರೆಯ ಸತ್ಯಪರೀಕ್ಷೆ

ಕಳೆದ ಮಾಗಿಯ ಒಂದು ಭಾನುವಾರ ನನ್ನ ಸ್ನೇಹಿತರಿಬ್ಬರು ಒಂದು ಕಪ್ಪೆಯ ದೆಸೆಯಿಂದ ಪರಸ್ಪರ ಮಾತು ಬಿಡುವ ಸ್ಥಿತಿಗೆ ಬಂದರು. ಕಪ್ಪೆಯೆಂದರೆ ಕೆರೆಯ ದಂಡೆಯಲ್ಲಿ ವಟಗುಟ್ಟುವ ಕಪ್ಪೆಯಲ್ಲ. ರಬ್ಬರಿನಿಂದ ಮಾಡಿದ, ಎರಡು ಕೊಕ್ಕೆಗಳನ್ನು ಮೈಗೆ ಒತ್ತಿಕೊಂಡಿರುವ, ಅಂಗಡಿಯಲ್ಲಿ ಕೊಂಡು ತಂದ ಕಪ್ಪೆ. ಮಂಡ್ಯದ ಕಡೆಯ ಒಂದು ಕೆರೆಯಲ್ಲಿ, ಗುತ್ತಿಗೆದಾರರ ಅನುಮತಿ ಪಡೆದು, ಅವರಿಬ್ಬರೂ ಕೊರವ ಮೀನಿಗೆ ಗಾಳ ಬೀಸುತ್ತಿದ್ದರು. ಒಬ್ಬರದು ಆ ವಾರವಷ್ಟೇ ಬಂದ ಹೊಸ ಹಳದಿ ಕಪ್ಪೆ. ಇನ್ನೊಬ್ಬರದು ಮೂರು ವರ್ಷಗಳಿಂದ ಸೇವೆ ಸಲ್ಲಿಸಿದ ಹಸುರು ಕಪ್ಪೆ. ಹೊತ್ತು ಮುಳುಗುವ ವೇಳೆಗೆ ಹಳದಿಗೆ ಮೂರು ಮೀನು, ಹಸುರಿಗೆ ಒಂದೇ ಒಂದು.

“ತೀರ್ಪಾಯಿತಲ್ಲ!” ಎಂದರು ಹಳದಿಯವರು.

“ಏನು ತೀರ್ಪು?” ಎಂದು ಹಸುರಿನವರು ಮುಖ ಕೆಂಪಗೆ ಮಾಡಿಕೊಂಡರು.

ನನಗೆ ಗಾಳ ಬೀಸಲು ಬಾರದು. ಆದಕಾರಣ ಲೆಕ್ಕ ಬರೆಯುವ ಕರಣಿಕನ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿನೋದಕ್ಕೆಂದು ನಾನು ಮೀನುಗಳನ್ನು ಮಾತ್ರವಲ್ಲದೆ ಎಸೆತಗಳನ್ನೂ ಎಣಿಸಿ ಬರೆದಿದ್ದೆ. ಪುಸ್ತಕ ತೆರೆದು ನೋಡಿದರೆ ಹಳದಿ ಕಪ್ಪೆ ನೀರಿಗೆ ಬಿದ್ದದ್ದು ೯೬ ಸಲ; ಹಸುರು ಕಪ್ಪೆ ೩೪ ಸಲ. ಹಸುರಿನವರು ಉಳಿದ ಹೊತ್ತನ್ನೆಲ್ಲ ಸಿಕ್ಕುಗಟ್ಟಿದ ದಾರವನ್ನು ಬಿಡಿಸುವುದರಲ್ಲಿಯೂ ಚಹ ಕುಡಿಯುವುದರಲ್ಲಿಯೂ ಕಳೆದಿದ್ದರು. ಒಂದಕ್ಕೆ ೩೨ ಎಸೆತಕ್ಕೊಂದು ಮೀನು, ಇನ್ನೊಂದಕ್ಕೆ ೩೪ ಎಸೆತಕ್ಕೊಂದು. ಮೇಲಾಗಿ ಹಳದಿಯವರು ನಿಂತಿದ್ದುದು ತಾವರೆ ಎಲೆಗಳ ನೆರಳಿನ ಮೂಲೆಯಲ್ಲಿ. ಹಸುರಿನವರು ನಿಂತಿದ್ದುದು ಬಯಲು ಏರಿಯ ಮೇಲೆ. ಹಾಗಾದರೆ ಗೆದ್ದದ್ದು ಕಪ್ಪೆಯೋ, ಕೈಯೋ, ಮೂಲೆಯೋ?

ಈ ಪ್ರಶ್ನೆ ನನ್ನನ್ನು ಮನೆಯವರೆಗೂ ಹಿಂಬಾಲಿಸಿ ಬಂದಿತು. ಅಂದಿನಿಂದ ಗಾಳಗಾರರ ಬರಹಗಳನ್ನೂ ಮೀನುಶಾಸ್ತ್ರಜ್ಞರ ಬರಹಗಳನ್ನೂ ಆಸಕ್ತಿಯಿಂದ ಓದತೊಡಗಿದೆ. ಆಗ ತಿಳಿದದ್ದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಚಮಚದಿಂದ ಬೆಂಡಿನ ಮೀನಿಗೆ

ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸುವುದು ನಿಜವಾದ ಎರೆ. ಮೀನು ಅದನ್ನು ತಿನ್ನಬಹುದು. ತಿನ್ನಲು ಬಾರದ, ಆದರೆ ತಿನ್ನಬಹುದೆಂಬ ಭ್ರಮೆಯನ್ನು ಹುಟ್ಟಿಸುವ ವಸ್ತುವೇ ಲೂರ್. ಅದನ್ನು ಹುಸಿ ಎರೆ ಎಂದು ಕರೆಯೋಣ.

ಅಮೆರಿಕದ ಜೂಲಿಯೊ ಬ್ಯೂಯೆಲ್ ಎಂಬವನು ದೋಣಿಯಲ್ಲಿ ಕುಳಿತು ಊಟ ಮಾಡುತ್ತಿದ್ದಾಗ ಚಮಚ ಕೈಜಾರಿ ನೀರಿಗೆ ಬಿದ್ದಿತಂತೆ. ಅದು ಓಲಾಡುತ್ತ, ಮಿನುಗುತ್ತ ಮುಳುಗುತ್ತಿದ್ದಾಗ ದೊಡ್ಡ ಮೀನೊಂದು ಅದರ ಮೇಲೆ ಎರಗಿತಂತೆ. ಕಥೆಯಲ್ಲಿ ಉಪ್ಪು ಖಾರ ಎಷ್ಟು ಸೇರಿದೆಯೋ, ಚಮಚದ ಆಕಾರದ ಗಾಳಕ್ಕೆ ಆತ ೧೮೫೨ರಲ್ಲಿ ಪೇಟೆಂಟ್ ಪಡೆದುದು ಮಾತ್ರ ನಿಜ. ಇಂದಿಗೂ ಆ ಬಗೆಯ ಹುಸಿ ಎರೆಗೆ ಸ್ಪೂನ್ ಎಂದೇ ಹೆಸರು.

ಫಿನ್ಲೆಂಡಿನ ಲೌರಿ ರಪಾಲಾನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಆತ ೧೯೦೫ರಲ್ಲಿ ಹುಟ್ಟಿದ ಬಡ ಬೆಸ್ತ. ಪೈಯಾನ್ನೆ ಎಂಬ ವಿಶಾಲವಾದ ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಗಿಸುತ್ತಿದ್ದವನು. ದೋಣಿಯಿಂದ ನೀರನ್ನು ನೋಡುತ್ತ ನೋಡುತ್ತ ಅವನಿಗೊಂದು ಸಂಗತಿ ಹೊಳೆಯಿತು. ಸಣ್ಣ ಮೀನುಗಳ ಹಿಂಡಿನೊಳಗೆ ನುಗ್ಗುವ ದೊಡ್ಡ ಮೀನು ಎಲ್ಲವನ್ನೂ ಬಿಟ್ಟು, ಗಾಯಗೊಂಡು ತೂರಾಡುತ್ತಿರುವ ಒಂದನ್ನೇ ಆರಿಸಿಕೊಳ್ಳುತ್ತದೆ! ೧೯೩೬ರಲ್ಲಿ ಆತ ಚಮ್ಮಾರರ ಕತ್ತಿಯಿಂದ ಬೆಂಡನ್ನು ಕೆತ್ತಿ ಮೀನಿನ ರೂಪ ಕೊಟ್ಟ. ಚಾಕೊಲೇಟಿಗೆ ಸುತ್ತಿದ ತವರದ ಹಾಳೆಯನ್ನು ಅದಕ್ಕೆ ಹೊದಿಸಿದ. ವಾರ್ನಿಷ್ ಕೊಳ್ಳಲು ಹಣವಿಲ್ಲದೆ ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಮೂತಿಯ ಕೆಳಗೆ ಒಂದು ಸಣ್ಣ ತುಟಿಯನ್ನಿಟ್ಟ. ದಾರವನ್ನು ಎಳೆದಾಗ ನೀರು ಆ ತುಟಿಯನ್ನು ಒತ್ತುತ್ತದೆ. ಬೆಂಡಿನ ಮೀನು ಎಡಕ್ಕೂ ಬಲಕ್ಕೂ ತುಯ್ದಾಡುತ್ತದೆ, ಥೇಟು ಗಾಯಗೊಂಡ ಮೀನಿನಂತೆ. ತುಟಿ ಕೂದಲೆಳೆಯಷ್ಟು ಓರೆಯಾದರೂ ಓಲಾಟ ಕೆಡುತ್ತದೆ. ಆದುದರಿಂದ ತಯಾರಾದ ಒಂದೊಂದನ್ನೂ ನೀರಿನಲ್ಲಿ ಎಳೆದು ನೋಡಿ, ಸರಿಪಡಿಸಿ, ಅನಂತರ ಮಾರುವ ಪದ್ಧತಿ ಆ ಮನೆತನದಲ್ಲಿ ಬೆಳೆದುಬಂತು.

ಇಷ್ಟಾದರೂ ರಪಾಲಾನ ಕೀರ್ತಿ ಜಗತ್ತಿಗೆ ಹಬ್ಬಿದ್ದು ಮೀನುಗಳ ದಯೆಯಿಂದಲ್ಲ. ೧೯೬೨ರ ಆಗಸ್ಟ್ ತಿಂಗಳಲ್ಲಿ ಚಿತ್ರನಟಿ ಮರ್ಲಿನ್ ಮನ್ರೋ ತೀರಿಕೊಂಡಳು. ಅವಳ ಚಿತ್ರವನ್ನು ಮುಖಪುಟದಲ್ಲಿ ಹೊತ್ತು ಬಂದ ಲೈಫ್ ಪತ್ರಿಕೆಯ ಸಂಚಿಕೆ ಅಮೆರಿಕದಲ್ಲಿ ಮನೆಮನೆಗೂ ಹೋಯಿತು. ಅದೇ ಸಂಚಿಕೆಯಲ್ಲಿ ಈ ಬೆಂಡಿನ ಮೀನನ್ನು ಕುರಿತು ಒಂದು ಲೇಖನವಿತ್ತು. ಬೇಡಿಕೆಯ ಮಹಾಪೂರವೇ ಹರಿಯಿತು. ಎರೆ ಒಳ್ಳೆಯದೇ ಆಗಿತ್ತು, ಸಂದೇಹವಿಲ್ಲ. ಆದರೆ ಆ ದಿನ ಅದನ್ನು ಕಚ್ಚಿದವರು ಮನುಷ್ಯರು. ಎಷ್ಟು ಮಾರಾಟವಾಯಿತೆಂಬುದು ಮೀನಿನ ಸಾಕ್ಷ್ಯವಲ್ಲ.

ಮೀನಿನ ಕಣ್ಣು, ಮೀನಿನ ಪಕ್ಕೆ

ಹಾಗಾದರೆ ಮೀನಿನ ಸಾಕ್ಷ್ಯವನ್ನು ಪಡೆಯುವುದು ಹೇಗೆ? ಮೊದಲು ಅದು ನಮ್ಮಂತೆ ಕಾಣುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನೀರು ಬೆಳಕಿನ ಬಣ್ಣಗಳನ್ನು ಒಂದೇ ಸಮನಾಗಿ ಒಳಗೆ ಬಿಡುವುದಿಲ್ಲ. ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗಿಬಿಡುತ್ತದೆ. ಅಂಗಡಿಯ ದೀಪದ ಕೆಳಗೆ ಕುಂಕುಮದಂತೆ ಹೊಳೆಯುವ ಎರೆ ಆಳದ ನೀರಿನಲ್ಲಿ ಮಸಿಯ ತುಂಡಿನಂತೆ ಕಾಣುತ್ತದೆ. ನೀರು ಕದಡಿದ್ದರೆ ಬಣ್ಣದ ಮಾತೇ ಬೇಡ.

ಆಗಲೂ ಮೀನಿಗೆ ದಾರಿ ತಪ್ಪದು. ಅದರ ಎರಡೂ ಪಕ್ಕೆಗಳ ಉದ್ದಕ್ಕೆ ಒಂದು ಸೂಕ್ಷ್ಮವಾದ ಗೆರೆಯುಂಟು; ನೀರಿನ ಸಣ್ಣ ಅಲುಗಾಟವನ್ನೂ ಅದು ಗ್ರಹಿಸಬಲ್ಲದು. ಹತ್ತಿರದಲ್ಲಿ ಒಂದು ಜೀವ ತಡಬಡಿಸಿದರೆ ಮೀನು ಅದನ್ನು ಕಣ್ಣಿಲ್ಲದೆಯೇ ಅರಿಯುತ್ತದೆ. ನಾವು ಬಣ್ಣಕ್ಕೆ ಬೆಲೆ ಕೊಡುತ್ತಿರುವಾಗ ಮೀನು ಓಲಾಟಕ್ಕೆ ಬೆಲೆ ಕೊಡುತ್ತಿರಬಹುದು. ಆದಕಾರಣ ಎರಡು ಎರೆಗಳನ್ನು ಹೋಲಿಸುವವರು ಸ್ಥಳ, ಹೊತ್ತು, ಆಳ, ಎಳೆಯುವ ವೇಗ ಇವನ್ನೆಲ್ಲ ಒಂದೇ ಆಗಿಟ್ಟುಕೊಂಡು, ಎರೆಯನ್ನು ಮಾತ್ರ ಬದಲಿಸಬೇಕು. ಸಾಧ್ಯವಾದರೆ ಅರ್ಧ ಗಂಟೆಗೊಮ್ಮೆ ಇಬ್ಬರೂ ತಮ್ಮ ಎರೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏನೂ ಸಿಕ್ಕದ ಎಸೆತಗಳನ್ನೂ ಬರೆಯಬೇಕು. ಗಾಳಗಾರನ ನೆನಪು ಸಿಕ್ಕ ಮೀನನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಬರಿಗೈಯ ಗಂಟೆಗಳನ್ನು ಮನೆಗೆ ಮರಳುವ ದಾರಿಯಲ್ಲೇ ಉದುರಿಸಿಬಿಡುತ್ತದೆ.

ಮೀನೂ ಪಾಠ ಕಲಿಯುತ್ತದೆ

ಇಷ್ಟು ಎಚ್ಚರಿಕೆ ವಹಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಹಾಲೆಂಡಿನ ಬ್ಯೂಕೆಮಾ ಎಂಬ ವಿಜ್ಞಾನಿ ಪೈಕ್ ಎಂಬ ಬೇಟೆಗಾರ ಮೀನುಗಳ ಮೇಲೆ ಗಾಳದ ಪ್ರಯೋಗಗಳನ್ನು ನಡೆಸಿ ೧೯೭೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಿರುಗುವ ಲೋಹದ ಹುಸಿ ಎರೆಗೆ ಒಮ್ಮೆ ಸಿಕ್ಕಿ ಬಿಡುಗಡೆ ಹೊಂದಿದ ಪೈಕ್ ಮತ್ತೆ ಅದರ ಕಡೆಗೆ ಸುಲಭವಾಗಿ ಬರಲಿಲ್ಲ. ಜೀವಂತ ಮೀನನ್ನೇ ಎರೆಯಾಗಿ ಕಟ್ಟಿದಾಗಲಾದರೋ ಈ ಹಿಂಜರಿಕೆ ಕಂಡುಬರಲಿಲ್ಲ. ಹೊಟ್ಟೆ ತುಂಬಿಸುವುದನ್ನು ಸಂಶಯಿಸುತ್ತ ಕುಳಿತರೆ ಮೀನು ಬದುಕುವುದೆಂತು? ಹುಸಿಯನ್ನು ಮಾತ್ರ ಹುಸಿಯೆಂದು ಗುರುತಿಸಲು ಅದು ಕಲಿಯಿತು. ಸಾಮಾನ್ಯ ಗೆಂಡೆಯ ಜಾತಿಯ ಮೀನಿಗೆ ಒಂದೇ ಒಂದು ಸಲದ ಅನುಭವ ಸಾಕೆಂಬುದನ್ನೂ ಅವರು ತೋರಿಸಿದರು.

ಹೊಸ ಎರೆ ಮೊದಲ ದಿನ ಅದ್ಭುತವಾಗಿ ಕೆಲಸ ಮಾಡಿ, ಮರುವರ್ಷ ಮಂಕಾಗುವುದರ ಗುಟ್ಟು ಇಲ್ಲಿರಬಹುದು. ಎರೆ ಬದಲಾಗಿಲ್ಲ, ಕೆರೆ ಬುದ್ಧಿ ಕಲಿತಿದೆ. ನಾವು ಇದನ್ನು ಅರಿಯದೆ ಮತ್ತೊಂದು ಹೊಸದನ್ನು ಕೊಂಡು ತರುತ್ತೇವೆ. ಅದೂ ಮೊದಲ ದಿನ ಗೆಲ್ಲುತ್ತದೆ. ಅಂಗಡಿಯವನಿಗೆ ಇದಕ್ಕಿಂತ ಅನುಕೂಲವಾದ ಮೀನು ಉಂಟೆ?

ಗಾಳಿಬೋರೆಯ ದಫ್ತರ

ಇದೆಲ್ಲ ಬಿಡುವಿದ್ದವರ ಲೆಕ್ಕಾಚಾರವೆಂದು ಕೆಲವರಿಗೆ ತೋರಬಹುದು. ಆದರೆ ಇಂಥ ಲೆಕ್ಕವೊಂದು ನಮ್ಮ ನಾಡಿನಲ್ಲಿಯೇ ಒಂದು ಜೀವಜಾತಿಯ ಅಳಿವು ಉಳಿವಿಗೆ ಸಾಕ್ಷಿಯಾಗಿ ನಿಂತಿದೆ.

ಕಾವೇರಿಯ ಮಹಶೀರ್ ಹಿಂದಿನಿಂದಲೂ ಗಾಳಗಾರರ ಕನಸಿನ ಮೀನು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ೧೮೭೩ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿ, ಮಹಶೀರನ್ನು ಹಿಡಿಯುವ ಬಗೆಯನ್ನೂ ಅದಕ್ಕೆ ಒಗ್ಗುವ ಎರೆಗಳನ್ನೂ ವಿವರವಾಗಿ ಚರ್ಚಿಸಿದನು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಉಪನದಿ ಕಪಿಲೆಯಲ್ಲಿ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋ ತೂಗುವ ಮಹಶೀರನ್ನು ಗಾಳದಿಂದ ಹಿಡಿದರು. ಅನಂತರದ ಕಾಲದಲ್ಲಿ ಭೀಮೇಶ್ವರಿ, ಗಾಳಿಬೋರೆ ಮೊದಲಾದ ನದೀತೀರದ ಶಿಬಿರಗಳಿಗೆ ಹೊರದೇಶಗಳ ಗಾಳಗಾರರು ಬರತೊಡಗಿದರು. ಅವರ ಪೆಟ್ಟಿಗೆಗಳಲ್ಲಿ ಬಗೆಬಗೆಯ ಲೋಹದ ಚಮಚಗಳೂ ಬಣ್ಣದ ಮೀನುಗಳೂ ಇರುತ್ತಿದ್ದವು. ಆದರೆ ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಎರೆ ಯಾವುದು ಬಲ್ಲಿರಾ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ! ಮುದ್ದೆಯ ನಾಡಿನ ಮೀನಿಗೆ ಮುದ್ದೆಯೇ ಹಿತವೆನಿಸಿದ್ದರೆ ಆಶ್ಚರ್ಯವೇನು?

ಈ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೆ ಬಿಡುವುದು ನಿಯಮವಾಗಿತ್ತು. ಗಾಳಿಬೋರೆಯಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಜಾತಿಯ ಮೀನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತುಹೋದ ೨೦೧೨ರವರೆಗೂ ಈ ಬರವಣಿಗೆ ನಡೆಯಿತು. ೧೯೯೮ರಿಂದ ೨೦೧೨ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೈಗೆತ್ತಿಕೊಂಡು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಮೇಲುನೋಟಕ್ಕೆ ಸುದ್ದಿ ಶುಭವಾಗಿಯೇ ಇತ್ತು. ಸಿಕ್ಕುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಆದರೆ ಜಾತಿವಾರು ವಿಂಗಡಿಸಿ ನೋಡಿದಾಗ ಎದೆ ಝಲ್ಲೆನ್ನುವ ಸಂಗತಿ ಹೊರಬಿತ್ತು. ಏರುತ್ತಿದ್ದುದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತ ಸಂತಾನವಾದ ಡುಬ್ಬದ ಮಹಶೀರ್ ಅಪರೂಪವಾಗುತ್ತ ಬಂದಿತ್ತು. ಸಿಕ್ಕ ಅಷ್ಟಿಷ್ಟು ಡುಬ್ಬದ ಮೀನುಗಳು ಮಾತ್ರ ವರ್ಷ ಕಳೆದಂತೆ ದೊಡ್ಡವಾಗಿದ್ದವು. ದೊಡ್ಡ ಮೀನು ಸಿಕ್ಕಿತೆಂದು ಗಾಳಗಾರನು ಹಿಗ್ಗುತ್ತಾನೆ. ಮರಿಗಳೇ ಇಲ್ಲವೆಂಬುದು ಅದರ ನಿಜವಾದ ಅರ್ಥ. ಮನೆಯಲ್ಲಿ ಮುದುಕರು ಮಾತ್ರ ಉಳಿದಂತೆ!

ದೊಡ್ಡ ಮೀನಿನ ಜೊತೆ ನಿಂತು ತೆಗೆಸಿಕೊಂಡ ಚಿತ್ರಗಳನ್ನಷ್ಟೇ ಉಳಿಸಿಕೊಂಡಿದ್ದರೆ ಈ ಸತ್ಯ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಟೆಗಳ ಲೆಕ್ಕವೂ ಜಾತಿಯ ಹೆಸರೂ ಪ್ರತಿದಿನ ತಪ್ಪದೆ ಬರೆದ ದಫ್ತರವಿದ್ದುದರಿಂದ ತಿಳಿಯಿತು. ಡುಬ್ಬದ ಮಹಶೀರಿನ ಶಾಸ್ತ್ರೀಯ ಹೆಸರು ಟಾರ್ ರೆಮದೇವಿಯೈ ಎಂದು ನಿಷ್ಕರ್ಷೆಯಾದುದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಗಂಭೀರವಾದ ವರ್ಗಕ್ಕೆ ಸೇರಿತು. ಹೆಸರು ದೊರೆತ ಗಳಿಗೆಯಲ್ಲೇ ಹೆಸರಳಿಯುವ ಭಯ!

ಇನ್ನು ನನ್ನ ಸ್ನೇಹಿತರ ವಿಷಯ. ತಿಂಗಳ ಮೇಲೆ ಅವರನ್ನು ಹೇಗೋ ಒಪ್ಪಿಸಿ ಅದೇ ಕೆರೆಗೆ ಕರೆದೊಯ್ದೆ. ಈ ಸಲ ಅರ್ಧ ಗಂಟೆಗೊಮ್ಮೆ ಕಪ್ಪೆಗಳು ಕೈ ಬದಲಾಯಿಸಿದವು. ಮೂಲೆಯನ್ನೂ ಏರಿಯನ್ನೂ ಇಬ್ಬರೂ ಹಂಚಿಕೊಂಡರು. ಬೆಳಗಿನಿಂದ ಮಧ್ಯಾಹ್ನದವರೆಗೆ ೧೧೦ ಎಸೆತಗಳಾದವು. ಹಳದಿಗೂ ಇಲ್ಲ, ಹಸುರಿಗೂ ಇಲ್ಲ. ಕೊರವ ಆಗಾಗ ಮೇಲೆ ಬಂದು ಗಾಳಿ ಕುಡಿದು, ನಮ್ಮನ್ನು ನೋಡಿದಂತೆ ಮಾಡಿ ಒಳಗೆ ಹೋಗುತ್ತಿತ್ತು.

“ಇವತ್ತಿನದನ್ನು ಬರೆಯಬೇಡಿ ಸ್ವಾಮಿ, ಇದು ಲೆಕ್ಕಕ್ಕಿಲ್ಲ” ಎಂದರು ಇಬ್ಬರೂ ಒಂದೇ ದನಿಯಲ್ಲಿ.

ಮಾತು ಬಿಟ್ಟವರು ಒಂದಾದುದನ್ನು ಕಂಡು ನನಗೆ ಸಂತೋಷವಾಯಿತು. ಆದರೆ ಗಾಳಿಬೋರೆಯ ದಫ್ತರ ನೆನಪಿಗೆ ಬಂದು, ಪುಸ್ತಕ ತೆರೆದು ಎರಡು ಕಪ್ಪೆಗಳ ಹೆಸರಿನ ಮುಂದೆಯೂ ದುಂಡಗೆ ಒಂದೊಂದು ಸೊನ್ನೆಯನ್ನು ಬರೆದೆ.