ಚೀನಾದ ಪಂಚಮಸಾಲೆ: ಜಿಡ್ಡಿಗೆ ಒಲಿಯುವ ಪರಿಮಳ

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲೂ ಹಾಂಗ್‌ಕಾಂಗಿನಲ್ಲೂ ಹಂದಿಯ ಹೊಟ್ಟೆಭಾಗದ ಮಾಂಸವನ್ನು ಸುಡುವ ಮುನ್ನ ಅನುಸರಿಸುವ ಒಂದು ಕ್ರಮವಿದೆ. ಮಾಂಸದ ಬದಿಗೆ ಚಾಕುವಿನಿಂದ ಗೀರು ಹಾಕಿ, ಉಪ್ಪಿನ ಜೊತೆ ಕಂದುಬಣ್ಣದ ಒಂದು ಪುಡಿಯನ್ನು ಚೆನ್ನಾಗಿ ಉಜ್ಜುತ್ತಾರೆ. ತೊಗಲಿನ ಬದಿಗೆ ಮಾತ್ರ ಆ ಪುಡಿ ಸೋಕದಂತೆ ನೋಡಿಕೊಳ್ಳುತ್ತಾರೆ. ಅಲ್ಲಿ ಅದು ಕರಕಲಾಗಿ ಕಹಿಯಾಗುತ್ತದೆ. ಆ ಪುಡಿಯೇ ವೂ ಶಿಯಾಂಗ್ ಫೆನ್, ಚೀನೀಯರ ಪಂಚಮಸಾಲೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ಮತ್ತು ಸಿಚುವಾನ್ ಪೆಪ್ಪರ್ ಇದರಲ್ಲಿರುವ ಐದು ಸಾಮಗ್ರಿಗಳು. ಸಿಹಿ, ಹುಳಿ, ಕಹಿ, ಖಾರ, ಉಪ್ಪು ಎಂಬ ಐದೂ ರುಚಿಗಳನ್ನು ಒಂದು ಚಿಟಿಕೆಯಲ್ಲಿ ಹಿಡಿದಿಟ್ಟ ಪುಡಿ ಇದು, ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚತತ್ತ್ವಗಳ ಅಡುಗೆಮನೆಯ ರೂಪ ಇದು ಎಂದು ಹಲವು ಅಡುಗೆ ಪುಸ್ತಕಗಳು ಪರಿಚಯಿಸುತ್ತವೆ. ಕೇಳಲು ಚೆಂದದ ವಿವರಣೆ. ಆದರೆ ಅದನ್ನು ನಂಬಿ ಒಲೆ ಹಚ್ಚಿದರೆ ಅಡುಗೆ ಕೆಡುತ್ತದೆ. ಪಂಚಮಸಾಲೆಯ ಕೆಲಸ ಪರಿಮಳ ಕೊಡುವುದು. ರುಚಿಗಳನ್ನು ಬೇರೆ ಸಾಮಗ್ರಿಗಳೇ ತರಬೇಕು.

ಡಬ್ಬಿಯೊಳಗಿನ ಸಾಮಗ್ರಿಗಳನ್ನೇ ಒಂದೊಂದಾಗಿ ನೋಡೋಣ. ಐದರಲ್ಲಿ ಹುಳಿ ಇರುವುದು ಒಂದೂ ಇಲ್ಲ, ಉಪ್ಪಂತೂ ಇಲ್ಲವೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಚಕ್ರಮೊಗ್ಗು ಮತ್ತು ಸೋಂಪು ಸಸ್ಯಶಾಸ್ತ್ರದ ಪ್ರಕಾರ ಯಾವ ನಂಟೂ ಇಲ್ಲದ ಗಿಡಗಳಿಂದ ಬಂದರೂ ಎರಡರ ಪರಿಮಳದ ತಿರುಳು ಅನೆಥಾಲ್ ಎಂಬ ಒಂದೇ ಸಂಯುಕ್ತ. ಐದು ಬೇರೆ ಬೇರೆ ರುಚಿಗಳನ್ನು ಕೂಡಿಸುವುದೇ ಗುರಿಯಾಗಿದ್ದರೆ ಒಂದೇ ಗುಣವನ್ನು ಎರಡು ಸಲ ಹಾಕುವ ಅಗತ್ಯವಿರಲಿಲ್ಲ. ಸಿಚುವಾನ್ ಪೆಪ್ಪರ್‌ನದೂ ಇದೇ ಕಥೆ. ಹೆಸರಿಗೆ ಪೆಪ್ಪರ್ ಆದರೂ ಅದು ನಿಂಬೆಯ ಕುಟುಂಬಕ್ಕೆ ಸೇರಿದ್ದು, ಕಾಳುಮೆಣಸಿಗೂ ಅದಕ್ಕೂ ಸಂಬಂಧವಿಲ್ಲ. ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ. ತುಟಿಯ ಮೇಲೆ ಅದು ಸೆಕೆಂಡಿಗೆ ಸುಮಾರು 50 ಸಲದ ಕಂಪನದಂತೆ ಅನುಭವಕ್ಕೆ ಬರುತ್ತದೆ ಎಂದು ಲಂಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಆದರೆ ಪಂಚಮಸಾಲೆಯಲ್ಲಿ ಅದರ ಪಾಲು ಕಡಿಮೆ. ಆ ಜುಮ್ಮು ಅಡಗಿ, ನಿಂಬೆಸಿಪ್ಪೆಯಂಥ ಪರಿಮಳವಷ್ಟೇ ಉಳಿಯುತ್ತದೆ. ಇನ್ನು ಬಳಕೆ. ಅನೆಥಾಲ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಕೊಬ್ಬಿನಲ್ಲೂ ಮದ್ಯದಲ್ಲೂ ಸಲೀಸಾಗಿ ಕರಗುತ್ತದೆ. ಚೀನೀ ಬಾಣಸಿಗರು ಈ ಪುಡಿಯನ್ನು ಕೊಬ್ಬಿರುವ ಹಂದಿ, ಬಾತುಕೋಳಿ, ಹೆಬ್ಬಾತುಗಳಿಗೆ ಅಕ್ಕಿಮದ್ಯದ ಜೊತೆ ಸವರಿ ನೆನೆಸಿಡುವುದರ ಹಿಂದಿನ ಜಾಣ್ಮೆ ಇದು. ಉಪ್ಪಿಗೆ ಸೋಯಾ ಸಾಸ್, ಸಿಹಿಗೆ ಸಕ್ಕರೆ ಅಥವಾ ಜೇನು ಪ್ರತ್ಯೇಕವಾಗಿಯೇ ಬೀಳುತ್ತವೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಚೀನೀಯರ ಪರಂಪರೆಯಲ್ಲಿ ಐದು ರುಚಿಗಳ ವಿಚಾರ ಗಟ್ಟಿಯಾಗಿಯೇ ಇದೆಯಲ್ಲ ಎಂಬುದು ಮೊದಲನೆಯದು. ಇದೆ, ನಿಜ. ಪ್ರಾಚೀನ ವೈದ್ಯಗ್ರಂಥ ಹುವಾಂಗ್‌ಡಿ ನೇಯ್‌ಜಿಂಗ್ ಒಂದೊಂದು ರುಚಿಯನ್ನು ದೇಹದ ಒಂದೊಂದು ಅಂಗಕ್ಕೆ ಹೊಂದಿಸುತ್ತದೆ. ಆದರೆ ಅದು ಇಡೀ ಆಹಾರಕ್ಕೆ ಅನ್ವಯಿಸುವ ಮಾತು. ಒಂದು ಮಸಾಲೆಪುಡಿಯ ಪಾಕಸೂತ್ರವಲ್ಲ. ಐದು ಎಂಬ ಸಂಖ್ಯೆಯೇ ಅಲುಗುತ್ತದೆ: ಕೆಲವರು ಒಣಶುಂಠಿ, ಅತಿಮಧುರ, ಒಣಗಿಸಿದ ಕಿತ್ತಳೆಸಿಪ್ಪೆಯನ್ನೂ ಸೇರಿಸುತ್ತಾರೆ, ಹದಿಮೂರು ಸಾಮಗ್ರಿಗಳ ಹೆಸರಿನ ಪುಡಿಯೂ ಅಲ್ಲಿ ಮನೆಮಾತು. ಎರಡನೆಯ ಆಕ್ಷೇಪ ನಮ್ಮ ಅಡುಗೆಮನೆಯದು: ಚಕ್ಕೆ ಲವಂಗ ನಮ್ಮಲ್ಲೂ ಇದೆ, ಗರಂ ಮಸಾಲೆಯನ್ನೇ ಹಾಕಿದರಾಯಿತಲ್ಲ? ಆಗುವುದಿಲ್ಲ. ಗರಂ ಮಸಾಲೆಯ ಜೀರಿಗೆ, ಕೊತ್ತಂಬರಿ, ಏಲಕ್ಕಿಯ ಘಮ ಮುಂದೆ ಬಂದರೆ ಚಕ್ರಮೊಗ್ಗಿನ ಸಿಹಿಗಂಧ ಮುಳುಗಿಹೋಗುತ್ತದೆ. ಪಂಚಮಸಾಲೆಯಲ್ಲಿ ಯಜಮಾನಿಕೆ ಅದರದ್ದೇ. ಗರಂ ಮಸಾಲೆಯನ್ನು ನಾವು ಹೆಚ್ಚಾಗಿ ಅಡುಗೆ ಇಳಿಸುವ ಹೊತ್ತಿಗೆ ಉದುರಿಸುತ್ತೇವೆ, ಪಂಚಮಸಾಲೆಯನ್ನು ಬೇಯಿಸುವ ಮೊದಲೇ ಹಚ್ಚುತ್ತಾರೆ.

ಮನೆಯಲ್ಲೇ ಮಾಡುವುದು ಸುಲಭ. ಐದರಲ್ಲಿ ನಾಲ್ಕು ಬಿರಿಯಾನಿ ಮಾಡುವ ಮನೆಗಳಲ್ಲಿ ಇದ್ದೇ ಇರುತ್ತವೆ. ಸಿಚುವಾನ್ ಪೆಪ್ಪರ್ ಸಿಗದಿದ್ದರೆ ಅದೇ ಕುಲದ ಜುಮ್ಮನಕಾಯಿ, ಅಂದರೆ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನುಸಾರಿಗೆ ಜಜ್ಜಿ ಹಾಕುವ ತೆಪ್ಪಳ, ಆ ಜಾಗವನ್ನು ತಕ್ಕಮಟ್ಟಿಗೆ ತುಂಬುತ್ತದೆ. ಎರಡರಲ್ಲೂ ಒಳಗಿನ ಕರಿಬೀಜ ತೆಗೆದು ಸಿಪ್ಪೆಯನ್ನಷ್ಟೇ ಬಳಸಬೇಕು, ಬೀಜ ಬಾಯಲ್ಲಿ ಮರಳಿನಂತೆ ಕರಕರ ಎನ್ನುತ್ತದೆ. ಆರು ಚಕ್ರಮೊಗ್ಗು, ಎರಡಿಂಚು ಚಕ್ಕೆ, ಒಂದು ದೊಡ್ಡ ಚಮಚ ಸೋಂಪು, ಎರಡು ಟೀ ಚಮಚ ಸಿಚುವಾನ್ ಪೆಪ್ಪರ್, ಅರ್ಧ ಟೀ ಚಮಚ ಲವಂಗ. ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಆರಿದ ಮೇಲೆ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ. ಲವಂಗ ಹೆಚ್ಚಾದರೆ ಉಳಿದ ನಾಲ್ಕೂ ಸೋಲುತ್ತವೆ. ಅರ್ಧ ಕಿಲೋ ಮಾಂಸಕ್ಕೆ ಅರ್ಧ ಟೀ ಚಮಚ ಸಾಕು, ಅದಕ್ಕಿಂತ ಜಾಸ್ತಿಯಾದರೆ ಔಷಧಿಯ ವಾಸನೆ ಹೊಡೆಯುತ್ತದೆ. ಸಸ್ಯಾಹಾರಿಗಳೂ ಹಿಂಜರಿಯಬೇಕಿಲ್ಲ. ಚೀನಾದಲ್ಲಿ ಒತ್ತಿ ನೀರು ತೆಗೆದ ತೋಫುವನ್ನು ಸೋಯಾ ಸಾಸ್ ಮತ್ತು ಇದೇ ಮಸಾಲೆಗಳಲ್ಲಿ ಕುದಿಸಿ ಹೋಳು ಮಾಡಿ ತಿನ್ನುತ್ತಾರೆ. ಇದೇ ಮಸಾಲೆಯ ಕಡಲೆಕಾಯಿಯೂ ಅಲ್ಲಿ ಜನಪ್ರಿಯ ಕುರುಕಲು. ಎಣ್ಣೆಯಂಶ ತುಂಬಿದ ಕಡಲೆಕಾಯಿಗೆ ಈ ಪರಿಮಳ ಚೆನ್ನಾಗಿ ಹಿಡಿಯುವುದರಿಂದ ಮೊದಲ ಪ್ರಯೋಗಕ್ಕೆ ಅದೇ ವಾಸಿ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಚೀನಾದ ಗ್ವಾಂಗ್‌ಶಿ ಪ್ರದೇಶದಲ್ಲಿ ಹೇರಳವಾಗಿ ಬೆಳೆಯುವ ಚಕ್ರಮೊಗ್ಗನ್ನೇ ಹೋಲುವ ಜಪಾನಿನ ಒಂದು ಜಾತಿ ವಿಷಕಾರಿ, ಪುಡಿಯಾದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಆದ್ದರಿಂದ ನಂಬಿಕೆಯ ಅಂಗಡಿಯಿಂದ ಇಡಿಯಾದ ಮಸಾಲೆಯನ್ನೇ ತನ್ನಿ, ಎರಡು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಪುಡಿಮಾಡಿ ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.