ಮಂಡಿಯ ಲಿಗಮೆಂಟ್ ಪೆಟ್ಟು: ನಂಬಿಕೆಗಳು ಮತ್ತು ನಿಜ

ಮಂಡಿಯಲ್ಲಿ ತೊಡೆಮೂಳೆಯ ದುಂಡು ತುದಿ ಕಣಕಾಲ ಮೂಳೆಯ ಚಪ್ಪಟೆ ತಲೆಯ ಮೇಲೆ ಕೂತಿರುತ್ತದೆ. ಸೊಂಟದ ಕೀಲಿನಲ್ಲಿ ಮೂಳೆಯನ್ನು ಹಿಡಿದಿಡಲು ಆಳವಾದ ಗುಳಿಯಿದೆ, ಇಲ್ಲಿ ಅದಿಲ್ಲ. ಹಾಗಾಗಿ ಕೀಲು ಜಾರದಂತೆ ಕಾಯುವ ಹೊಣೆ ಬಹುಪಾಲು ನಾಲ್ಕು ಅಸ್ಥಿರಜ್ಜುಗಳ, ಅಂದರೆ ಲಿಗಮೆಂಟುಗಳ ಮೇಲೆ ಬೀಳುತ್ತದೆ. ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯುವ ಎರಡರಲ್ಲಿ ಮುಂದಿನದು ಎಸಿಎಲ್, ಹಿಂದಿನದು ಪಿಸಿಎಲ್. ಒಳಮಗ್ಗುಲಿನಲ್ಲಿ ಎಂಸಿಎಲ್, ಹೊರಮಗ್ಗುಲಿನಲ್ಲಿ ಎಲ್‌ಸಿಎಲ್ ಇವೆ. ಇವುಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಎಸಿಎಲ್. ಸುಮಾರು 3 ಸೆಂಟಿಮೀಟರ್ ಉದ್ದದ ಈ ಪಟ್ಟಿ ಕಣಕಾಲ ಮೂಳೆ ಮುಂದಕ್ಕೆ ಸರಿಯದಂತೆ, ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುತ್ತದೆ.

ಇದು ಆಟಗಾರರಿಗಷ್ಟೇ ಆಗುವ ಪೆಟ್ಟು, ಅದೂ ಯಾರಾದರೂ ಬಂದು ಗುದ್ದಿದಾಗ ಮಾತ್ರ ಎಂಬ ನಂಬಿಕೆಯಿದೆ. ಎಸಿಎಲ್ ಹರಿಯುವ ಬಹುತೇಕ ಸಂದರ್ಭಗಳಲ್ಲಿ ಯಾರೂ ಗುದ್ದಿರುವುದಿಲ್ಲ. ಪಾದ ನೆಲಕ್ಕೆ ಊರಿಕೊಂಡಿರುವಾಗ ಮೈ ತಟ್ಟನೆ ತಿರುಗುತ್ತದೆ, ಅಥವಾ ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದೆ, ಅಷ್ಟು ಸಾಕು. ಮೈಸೂರು ಜಿಲ್ಲೆಯ ಭೇರ್ಯದ ಸುತ್ತಿನ ಕೆ.ಆರ್. ನಗರ ಸೀಮೆಯಲ್ಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಇಂಥ ಗಳಿಗೆಗೆ ಕೊರತೆಯಿಲ್ಲ. ಕಬಡ್ಡಿ ಅಂಕಣದಲ್ಲಿ ರೈಡರ್‌ನ ಕಾಲು ಹಿಡಿತಕ್ಕೆ ಸಿಕ್ಕು ಮೈ ಮಾತ್ರ ಹೊರಳಿದಾಗ, ಕುಸ್ತಿ ಮಟ್ಟಿಯಲ್ಲಿ ಪಟ್ಟು ಬಿಡಿಸಿಕೊಳ್ಳುವಾಗ, ನಾಟಿಗದ್ದೆಯ ಕೆಸರಿನಲ್ಲಿ ಕಾಲು ಹೂತಿರುವಾಗಲೇ ತಿರುಗಿದಾಗ, ಹೊಗೆಸೊಪ್ಪಿನ ಹೊರೆ ಹೊತ್ತು ಬದುವಿನಿಂದ ಜಾರಿದಾಗ ಮಂಡಿಯ ಮೇಲೆ ಬೀಳುವ ತಿರುಚು ಒಂದೇ ಬಗೆಯದು. ಬೈಕಿನಿಂದ ಬಿದ್ದು ಮಡಿಸಿದ ಮಂಡಿ ನೆಲಕ್ಕೆ ಬಡಿದರೆ ಪಿಸಿಎಲ್‌ಗೆ ಏಟು.

‘ನರ ಹೊರಳಿದೆ, ಎಣ್ಣೆ ಹಚ್ಚಿ ಉಜ್ಜಿದರೆ ಕೂರುತ್ತದೆ’ ಎಂಬುದು ಎರಡನೆಯ ನಂಬಿಕೆ. ಹೊರಳಿದ್ದು ನರವಲ್ಲ, ಮೂಳೆಯಿಂದ ಮೂಳೆಗೆ ಬಿಗಿದ ಎಳೆಗಳು ಹಿಗ್ಗಿರುತ್ತವೆ ಇಲ್ಲವೇ ಹರಿದಿರುತ್ತವೆ. ಎಸಿಎಲ್ ಹರಿದಾಗ ಹಲವರಿಗೆ ‘ಟಪ್’ ಎಂದ ಅನುಭವವಾಗುತ್ತದೆ, ಕೀಲಿನೊಳಗೆ ರಕ್ತ ಇಳಿದು ಕೆಲವೇ ಗಂಟೆಗಳಲ್ಲಿ ಮಂಡಿ ಊದುತ್ತದೆ. ಮೊದಲ ಎರಡು ಮೂರು ದಿನ ಉಜ್ಜುವುದರಿಂದ, ಬಿಸಿ ಶಾಖ ಕೊಡುವುದರಿಂದ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಆಗ ಬೇಕಾದದ್ದು ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಹದವಾಗಿ ಎಲಾಸ್ಟಿಕ್ ಪಟ್ಟಿ ಸುತ್ತುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು. ಮೂಳೆ ಕೂರಿಸುವ ನಾಟಿ ವೈದ್ಯರ ಕೈಚಳಕ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಹರಿದ ಪಟ್ಟಿಯನ್ನು ಹೊರಗಿನಿಂದ ಒತ್ತಿ ಕೂಡಿಸಲಾಗದು. ಬಿದಿರ ದಬ್ಬೆಯ ಬಿಗಿಕಟ್ಟು ಊದುತ್ತಿರುವ ಕಾಲಿನ ರಕ್ತ ಸಂಚಾರವನ್ನೇ ನಿಲ್ಲಿಸಬಲ್ಲದು. ಮಂಡಿಯ ಹಿಂಬದಿಯಲ್ಲೇ ಕಾಲಿನ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಜೋರಾದ ಅಪಘಾತದಲ್ಲಿ ಎರಡು ಮೂರು ಲಿಗಮೆಂಟುಗಳು ಒಟ್ಟಿಗೆ ಹರಿದರೆ ಆ ನಾಳಕ್ಕೂ ಪೆಟ್ಟು ಬಿದ್ದಿರಬಹುದು. ಪಾದ ತಣ್ಣಗಾಗಿದ್ದರೆ, ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ, ಬೆರಳು ಆಡದಿದ್ದರೆ ಮರುದಿನ ನೋಡೋಣ ಎನ್ನುವಂತಿಲ್ಲ. ಆರೆಂಟು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಅಂಥವರನ್ನು ನೇರವಾಗಿ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಎಕ್ಸ್‌ರೇ ಸರಿಯಿದ್ದರೆ ಏನೂ ಆಗಿಲ್ಲ ಎಂದುಕೊಳ್ಳುವವರು ಬಹಳ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಲಿಗಮೆಂಟನ್ನಲ್ಲ. ಮಂಡಿಯನ್ನು ತುಸು ಮಡಿಸಿ ಕಣಕಾಲನ್ನು ಮುಂದಕ್ಕೆ ಎಳೆದು ನೋಡುವ ಲಾಖ್ಮನ್ ಪರೀಕ್ಷೆಯಿಂದಲೇ ಅನುಭವಿ ಮೂಳೆ ವೈದ್ಯರು ಎಸಿಎಲ್ ಹರಿದಿರುವುದನ್ನು ಬಹುಮಟ್ಟಿಗೆ ಗುರುತಿಸುತ್ತಾರೆ. ಎಂಆರ್‌ಐ ಅದನ್ನು ಖಚಿತಪಡಿಸಿ, ಕೀಲಿನ ನಡುವಿನ ಮೆತ್ತೆಯಾದ ಮೆನಿಸ್ಕಸ್ ಸೀಳಿದೆಯೇ ಎಂಬುದನ್ನೂ ತಿಳಿಸುತ್ತದೆ.

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ‘ನಡೆಯಲು ಬರುತ್ತದೆ, ಹಾಗಾದರೆ ಹರಿದಿಲ್ಲ’ ಎನ್ನುವುದು. ಮೂರು ನಾಲ್ಕು ವಾರಗಳಲ್ಲಿ ಊತ ಇಳಿಯುತ್ತದೆ, ನೋವು ಮರೆಯಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ನೇರವಾಗಿ ನಡೆಯಲು ಎಸಿಎಲ್‌ನ ಅಗತ್ಯ ಅಷ್ಟಿಲ್ಲ. ಅದಿಲ್ಲದ್ದು ತಿಳಿಯುವುದು ಮೆಟ್ಟಿಲು ಇಳಿಯುವಾಗ, ಬದುವಿನ ಮೇಲೆ ಹೊರಳುವಾಗ, ಓಡುತ್ತಾ ದಿಕ್ಕು ಬದಲಿಸುವಾಗ. ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಹೀಗೆ ಜಾರಿದಾಗೆಲ್ಲ ಮೆನಿಸ್ಕಸ್ಸೂ ಮೂಳೆಯ ತುದಿಯ ಮೃದ್ವಸ್ಥಿಯೂ ಸವೆಯುತ್ತವೆ, ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ವರ್ಷಗಟ್ಟಲೆ ಸಹಿಸಿಕೊಂಡು ಬಂದ ಮಂಡಿಯಲ್ಲಿ ಲಿಗಮೆಂಟ್ ಹರಿದದ್ದಕ್ಕಿಂತ ಈ ಸವೆತವೇ ದೊಡ್ಡ ಕಾಯಿಲೆಯಾಗಿರುತ್ತದೆ. ಮಂಡಿ ಪೂರ್ತಿ ನೀಡಲಾಗದೆ ಸಿಕ್ಕಿಹಾಕಿಕೊಂಡರೆ ಸೀಳಿದ ಮೆನಿಸ್ಕಸ್ ನಡುವೆ ಸಿಲುಕಿರುವ ಸಾಧ್ಯತೆಯಿದೆ. ಅದಕ್ಕೆ ಬೇಗ ಚಿಕಿತ್ಸೆಯಾಗಬೇಕು.

ಆಪರೇಷನ್ ಬಗ್ಗೆ ಎರಡು ವಿರುದ್ಧ ನಂಬಿಕೆಗಳಿವೆ: ಹರಿದರೆ ಆಪರೇಷನ್ ಆಗಲೇಬೇಕು ಎಂದು ಕೆಲವರು, ಏನೂ ಬೇಡ, ತಾನಾಗಿ ಕೂಡುತ್ತದೆ ಎಂದು ಇನ್ನು ಕೆಲವರು. ರಕ್ತ ಪೂರೈಕೆ ಚೆನ್ನಾಗಿರುವ ಎಂಸಿಎಲ್ ಸಾಮಾನ್ಯವಾಗಿ ಬ್ರೇಸ್ ಮತ್ತು ವ್ಯಾಯಾಮದಿಂದಲೇ ಕೂಡುತ್ತದೆ. ಪೂರ್ತಿ ಹರಿದ ಎಸಿಎಲ್ ಕೆಲವರಲ್ಲಿ ಕೂಡಿದ ಉದಾಹರಣೆಗಳಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗೆಂದು ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಚಟುವಟಿಕೆಯ ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಮಾಡಿಸಿ ಬೇಕಾದರೆ ಮಾತ್ರ ಆಪರೇಷನ್ ಎಂದಿದ್ದ 59 ಮಂದಿಯಲ್ಲಿ ಎರಡು ವರ್ಷದೊಳಗೆ ಅದು ಬೇಕಾದದ್ದು 23 ಜನರಿಗೆ. ಮೊದಲೇ ಮಾಡಿಸಿಕೊಂಡವರಿಗೂ ಇವರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಕಬಡ್ಡಿ, ಫುಟ್‌ಬಾಲ್‌ಗೆ ಮರಳಬೇಕಾದವರು, ವ್ಯಾಯಾಮದ ನಂತರವೂ ಮಂಡಿ ಜಾರುವವರು, ಜೊತೆಗೆ ಮೆನಿಸ್ಕಸ್ ಅಥವಾ ಬೇರೆ ಲಿಗಮೆಂಟೂ ಹರಿದವರು ಶಸ್ತ್ರಚಿಕಿತ್ಸೆಗೆ ತಕ್ಕವರು. ಅಂಗಡಿಯಲ್ಲಿ ಕೂರುವವರು ಕೆಲವು ತಿಂಗಳು ಫಿಸಿಯೋಥೆರಪಿ ಮಾಡಿ ನೋಡಿ ತೀರ್ಮಾನಿಸಬಹುದು. ಆಪರೇಷನ್ನಿನಲ್ಲಿ ಹರಿದದ್ದನ್ನು ಹೊಲಿಯುವುದಕ್ಕಿಂತ, ರೋಗಿಯ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟಾಗಿ ಕೂರಿಸುವುದೇ ಹೆಚ್ಚು.

ಮೂರು ತಿಂಗಳು ಮಂಚ ಬಿಡಬಾರದು ಎಂಬ ಮನೆಮಂದಿಯ ಅಕ್ಕರೆಯ ಕಟ್ಟಳೆ ಕಾಲಿಗೆ ಕೇಡು. ಊದಿದ ಮಂಡಿ ತೊಡೆಯ ಮುಂಭಾಗದ ಸ್ನಾಯುವನ್ನು ಮಂಕಾಗಿಸುತ್ತದೆ, ಎರಡು ಮೂರು ವಾರದಲ್ಲೇ ತೊಡೆ ಸಣಕಲಾಗುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಮೊದಲ ದಿನಗಳಿಂದಲೇ ಮಂಡಿಯನ್ನು ಪೂರ್ತಿ ನೀಡುವ, ತೊಡೆ ಬಿಗಿಹಿಡಿಯುವ, ನೀಡಿದ ಕಾಲನ್ನು ಎತ್ತುವ ವ್ಯಾಯಾಮ ಶುರುವಾಗಬೇಕು. ಬಳಿಕ ಗೋಡೆಗೊರಗಿ ಅರೆಕೂರುವುದು, ಒಂಟಿಕಾಲಲ್ಲಿ ನಿಲ್ಲುವುದು, ಕೊನೆಗೆ ಓಟ ಮತ್ತು ಜಿಗಿತ. ಕಾಲು ಸೂಪು ಕುಡಿದರೆ ಲಿಗಮೆಂಟ್ ಬೆಳೆಯುತ್ತದೆ ಎಂಬ ಮಾತೂ ಇದೆ. ಸೂಪಿನ ಕೊಲಾಜನ್ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ, ಅದು ನೇರ ಮಂಡಿಗೆ ಹೋಗುವ ದಾರಿಯಿಲ್ಲ. ಪ್ರೋಟೀನು ಬೇಕು ನಿಜ. ಅದು ಮೊಟ್ಟೆ, ಹುರುಳಿ, ಅವರೆಕಾಳಿನಿಂದಲೂ ದಕ್ಕುತ್ತದೆ.

‘ಆಪರೇಷನ್ ಆಗಿ ಆರು ತಿಂಗಳಾಯಿತು, ನೋವಿಲ್ಲ, ಆಡಬಹುದು’ ಎಂಬ ಅವಸರ ಕಷ್ಟಪಟ್ಟು ಗಳಿಸಿದ್ದನ್ನು ಒಂದೇ ಗಳಿಗೆಯಲ್ಲಿ ಕಳೆಯುತ್ತದೆ. ಕೂರಿಸಿದ ರಜ್ಜು ಮೊದಲು ದುರ್ಬಲವಾಗಿ, ಆಮೇಲೆ ನಿಧಾನವಾಗಿ ಲಿಗಮೆಂಟಿನ ಗುಣ ಪಡೆಯುತ್ತದೆ. ನೋವು ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ಎರಡೂ ತೊಡೆಗಳ ಬಲ ಹೆಚ್ಚುಕಡಿಮೆ ಸಮವಾಗಿರುವುದನ್ನು ಅಳೆದು ನೋಡಿಯೇ ಅಂಕಣಕ್ಕೆ ಇಳಿಯಬೇಕು. ಮಂಡಿಗೆ ಏರಿಸುವ ನೀ ಕ್ಯಾಪ್ ಧೈರ್ಯ ಕೊಡಬಹುದು, ಸ್ನಾಯುವಿನ ಕೆಲಸ ಮಾಡಲಾರದು. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಮಂಡಿಯ ಲಿಗಮೆಂಟುಗಳನ್ನು ಹರಿದುಕೊಂಡ ಕ್ರಿಕೆಟಿಗ ರಿಷಭ್ ಪಂತ್ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಗೊಳಗಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ದುಡಿದು, ಮತ್ತೆ ಪಂದ್ಯವಾಡಿದ್ದು 2024ರ ಮಾರ್ಚಿನಲ್ಲಿ. ಅತ್ಯುತ್ತಮ ಸೌಲಭ್ಯವಿದ್ದೂ ಅಷ್ಟು ಕಾಲ ಹಿಡಿಯಿತು.

ಆಪರೇಷನ್ ಆದರೆ ಮುಂದೆ ಸಂಧಿವಾತ ಬಾರದು ಎಂಬ ಭರವಸೆಗೂ ಆಧಾರವಿಲ್ಲ. ಎಸಿಎಲ್ ಹರಿದವರಿಗೆ, ಶಸ್ತ್ರಚಿಕಿತ್ಸೆ ಆಗಲಿ ಬಿಡಲಿ, ಮಂಡಿ ಸವೆಯುವ ಸಾಧ್ಯತೆ ಇತರರಿಗಿಂತ ಹೆಚ್ಚು. ಮೆನಿಸ್ಕಸ್ಸೂ ಹಾಳಾಗಿದ್ದರೆ ಇನ್ನೂ ಹೆಚ್ಚು. ಈ ಪೆಟ್ಟು ಹಣೆಬರಹ, ತಡೆಯಲಾಗದು ಎಂಬುದೂ ಸರಿಯಲ್ಲ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಕಲಿಸುವ, ತೊಡೆಯ ಹಿಂಬದಿಯನ್ನು ಬಲಪಡಿಸುವ ಇಪ್ಪತ್ತು ನಿಮಿಷದ ವ್ಯಾಯಾಮ ಸರಣಿ ಫುಟ್‌ಬಾಲಿಗರಿಗಾಗಿ ರೂಪುಗೊಂಡಿದೆ. ಇಂಥ ತರಬೇತಿ ಎಸಿಎಲ್ ಪೆಟ್ಟನ್ನು, ಅದಕ್ಕೆ ಹುಡುಗರಿಗಿಂತ ಹೆಚ್ಚಾಗಿ ಈಡಾಗುವ ಹುಡುಗಿಯರಲ್ಲಿ, ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಸಜ್ಜುಗೊಳಿಸುವ ಶಾಲೆಯ ಬಯಲಿನಲ್ಲಿ ವಾರಕ್ಕೆರಡು ಬಾರಿ ಮಾಡಿಸಬಹುದು.