32 ಬಿಟ್ ಫ್ಲೋಟ್ ಇದ್ದರೆ ರೆಕಾರ್ಡಿಂಗ್‌ನಲ್ಲಿ ದನಿ ಒಡೆಯುವುದೇ ಇಲ್ಲವೇ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದ ರೆಕಾರ್ಡ್ ಮಾಡಲು ಕೂತವರಿಗೆ ಈ ಸಂಕಟ ಗೊತ್ತು. ಅಜ್ಜಿ ಮೆಲುದನಿಯಲ್ಲಿ ಶುರು ಮಾಡುತ್ತಾರೆ. ಚೆನ್ನಾಗಿ ಕೇಳಿಸಲಿ ಎಂದು ನಾವು ಗೇನ್ ಏರಿಸುತ್ತೇವೆ. ಮುಂದಿನ ಸಾಲಿಗೆ ನಾಲ್ಕೈದು ಹೆಂಗಸರು ಒಟ್ಟಿಗೆ ದನಿಗೂಡಿಸುತ್ತಾರೆ, ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಮನೆಗೆ ಬಂದು ಕೇಳಿದರೆ ಹಾಡು ಒಡೆದುಹೋಗಿರುತ್ತದೆ. ‘ಇನ್ನೊಂದ್ಸಲ ಹೇಳಜ್ಜಿ’ ಎನ್ನುವ ಅವಕಾಶ ಎಲ್ಲ ಸಲವೂ ಸಿಗುವುದಿಲ್ಲ.

‘32 ಬಿಟ್ ಫ್ಲೋಟ್ ಇದ್ದರೆ ಲೆವೆಲ್ ನೋಡುವುದೇ ಬೇಡ’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಇದು ಅರ್ಧ ನಿಜ.

ದನಿ ಒಡೆಯುವುದು ಏಕೆ?

ಆಡಿಯೊ ಇಂಟರ್‌ಫೇಸ್ ಮೈಕಿನ ಸಂಕೇತವನ್ನು ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಬಾರಿ ಅಳೆದು ಅಂಕಿಗಳಾಗಿ ಕಂಪ್ಯೂಟರಿಗೆ ಕೊಡುತ್ತದೆ. 24 ಬಿಟ್ ಅಂಕಿಗೆ ಒಂದು ಗರಿಷ್ಠ ಮಿತಿಯಿದೆ. ಸದ್ದು ಅದನ್ನು ಮೀರಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಪಾತ್ರೆ ತುಂಬಿ ಚೆಲ್ಲಿದ ಹಾಲಿನಂತೆ, ಹೋದದ್ದು ಹೋಯಿತು.

ಫ್ಲೋಟ್ ಮಾಡುವುದೇನು?

3.5 ಸಾವಿರ, 3.5 ಲಕ್ಷ, 3.5 ಕೋಟಿ: ಅಂಕಿ ಅದೇ, ಸ್ಥಾನ ಮಾತ್ರ ಬೇರೆ. ಫ್ಲೋಟ್ ಬರೆಯುವುದೂ ಹೀಗೆಯೇ. 32 ಬಿಟ್‌ಗಳಲ್ಲಿ 1 ಚಿಹ್ನೆಗೆ, 8 ಸ್ಥಾನಕ್ಕೆ, 23 ಅಂಕಿಗೆ. ಹಾಗಾಗಿ ಲೆಕ್ಕದ ಪ್ರಕಾರ 24 ಬಿಟ್‌ನ ವ್ಯಾಪ್ತಿ ಸುಮಾರು 144 ಡೆಸಿಬೆಲ್ ಆದರೆ ಫ್ಲೋಟ್‌ನದು 1,500ಕ್ಕೂ ಹೆಚ್ಚು. ಆದರೆ ಅಂಕಿಯ ನಿಖರತೆ 24 ಬಿಟ್‌ನಷ್ಟೇ. ಆದ್ದರಿಂದ ‘ಫ್ಲೋಟ್‌ನಲ್ಲಿ ದನಿ ಇನ್ನೂ ಇಂಪಾಗಿರುತ್ತದೆ’ ಎಂಬುದು ಸುಳ್ಳು.

ಬರೆಯುವ ಪುಸ್ತಕ ದೊಡ್ಡದಾದರೆ ಸಾಲದು, ಅಳೆಯುವ ತಕ್ಕಡಿಯೂ ಬೇಕು. ಚಿನ್ನದಂಗಡಿಯ ತಕ್ಕಡಿಯಲ್ಲಿ ಹಾಸನದ ಆಲೂಗೆಡ್ಡೆ ಮೂಟೆ ತೂಗಲಾಗದು. ಮಂಡಿಯ ತಕ್ಕಡಿಯಲ್ಲಿ ಮೂಗುತಿ ತೂಗಲಾಗದು. ಝೂಮ್ ಕಂಪನಿಯ ಎಫ್6 ರೆಕಾರ್ಡರ್, ಯುಎಸಿ-232 ಇಂಟರ್‌ಫೇಸ್‌ನಂಥ ಸಾಧನಗಳಲ್ಲಿ ಎರಡೂ ಬಗೆಯ ‘ತಕ್ಕಡಿ’ ಇರುತ್ತವೆ. ಮೆಲುದನಿಗೆ ಒಂದು, ಜೋರುದನಿಗೆ ಇನ್ನೊಂದು ಪರಿವರ್ತಕ. ಎರಡರ ಅಳತೆಯನ್ನೂ ಸೇರಿಸಿ ಫ್ಲೋಟ್ ಅಂಕಿ ಮಾಡಲಾಗುತ್ತದೆ.

ಎಲ್ಲಿ ಕೈಕೊಡುತ್ತದೆ?

• ಸಾಮಾನ್ಯ 24 ಬಿಟ್ ಇಂಟರ್‌ಫೇಸ್ ಇಟ್ಟುಕೊಂಡು ಅಡಾಸಿಟಿ ಅಥವಾ ರೀಪರ್‌ನಲ್ಲಿ ‘32 ಬಿಟ್ ಫ್ಲೋಟ್’ ಆರಿಸಿದರೆ ಉಪಯೋಗವಿಲ್ಲ. ತುದಿ ಇಂಟರ್‌ಫೇಸ್‌ನಲ್ಲೇ ಕತ್ತರಿಸಿಹೋಗಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

• ಇಂಟರ್‌ಫೇಸ್ ಫ್ಲೋಟ್ ಆಗಿದ್ದೂ ಡ್ರೈವರ್ ಅಥವಾ ಸಾಫ್ಟ್‌ವೇರ್ ಸೆಟ್ಟಿಂಗ್ 16 ಇಲ್ಲವೇ 24 ಬಿಟ್‌ನಲ್ಲಿದ್ದರೆ ಲಾಭ ನಡುದಾರಿಯಲ್ಲೇ ಕಳೆಯುತ್ತದೆ.

• ತಮಟೆಯ ಪಕ್ಕದಲ್ಲೇ ಇಟ್ಟ ಮೈಕು ತಾನೇ ಒಡೆದರೆ ಯಾವ ಬಿಟ್ಟೂ ಕಾಪಾಡದು.

• ಫ್ಯಾನಿನ ಸದ್ದು, ಖಾಲಿ ಕೋಣೆಯ ಮಾರ್ದನಿ ಹಾಗೇ ಉಳಿಯುತ್ತವೆ. ಮೆಲುದನಿಯನ್ನು ಆಮೇಲೆ ಏರಿಸಿದರೆ ಇವೂ ಏರುತ್ತವೆ.

• ಕೊನೆಯಲ್ಲಿ 16 ಬಿಟ್ ಫೈಲ್ ಮಾಡುವ ಮುನ್ನ ಲೆವೆಲ್ ಇಳಿಸದಿದ್ದರೆ, ಉಳಿಸಿಕೊಂಡ ತುದಿ ಅಲ್ಲಿ ಕತ್ತರಿಸಿಹೋಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ

ಮೈಕಿನಿಂದ ಒಂದು ಮಾರು ದೂರ ನಿಂತು ಜೋರಾಗಿ ಚಪ್ಪಾಳೆ ತಟ್ಟಿ, ಅಲೆ ಪರದೆಯ ಮಿತಿ ದಾಟುವಂತೆ ರೆಕಾರ್ಡ್ ಮಾಡಿ. ನಂತರ ಸಾಫ್ಟ್‌ವೇರ್‌ನಲ್ಲಿ 20 ಡೆಸಿಬೆಲ್ ಇಳಿಸಿ. ಅಲೆಯ ತುದಿ ದುಂಡಗೋ ಚೂಪಾಗೋ ಮರಳಿ ಕಂಡರೆ ಫ್ಲೋಟ್ ಕೆಲಸ ಮಾಡುತ್ತಿದೆ. ಚಾಕುವಿನಲ್ಲಿ ಕೊಯ್ದಂತೆ ಚಪ್ಪಟೆಯಾಗಿದ್ದರೆ ದಾರಿಯಲ್ಲೆಲ್ಲೋ ಕ್ಲಿಪ್ ಆಗಿದೆ.

ಹಾಗಾದರೆ ಹೊಸದನ್ನು ಕೊಳ್ಳಬೇಕೇ?

ಮನೆಯಲ್ಲಿ ಕೂತು ಹಾಡುವವರಿಗೆ, ಪಾಡ್‌ಕಾಸ್ಟ್ ಮಾಡುವವರಿಗೆ 24 ಬಿಟ್ ಧಾರಾಳ ಸಾಕು. ಅತಿ ಜೋರಿನ ಭಾಗವೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಗೇನ್ ಇಡಿ. ದನಿ ಸಣ್ಣದೆನಿಸಿದರೆ ಆಮೇಲೆ ಏರಿಸಬಹುದು. ಒಡೆದದ್ದನ್ನು ಮಾತ್ರ ಮೊದಲಿನಂತೆ ಕೂಡಿಸಲಾಗದು. ಮತ್ತೆ ಸಿಗದ ಹಾಡು, ಒಬ್ಬರೇ ಓಡಾಡಿ ಮಾಡುವ ರೆಕಾರ್ಡಿಂಗ್ ಎಂದಾದರೆ ಫ್ಲೋಟ್‌ಗೆ ಕೊಟ್ಟ ಹಣ ದಂಡವಲ್ಲ. ಆಗಲೂ ಮೈಕನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿ, ಫ್ಯಾನ್ ಆರಿಸಿ, ಹಾಡು ಶುರುವಾಗುವ ಮುಂಚೆ ಒಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ.